ಐವಸ್‌ನಲ್ಲಿ ಶೇ. 75, ಆಂಜಿಯೋದಲ್ಲಿ ಶೇ. 40: ಒಂದೇ ಜಾಗಕ್ಕೆ ಎರಡು ಲೆಕ್ಕ ಯಾಕೆ?

ಎರಡನೇವರ್ಷ

ಎಲ್ಲರಿಗೂ ನಮಸ್ಕಾರ. ಕಾರ್ಡಿಯಾಲಜಿ ಎರಡನೇ ವರ್ಷದಲ್ಲಿದ್ದೇನೆ. ಆಂಜಿಯೋ ನೋಡೋದು ಒಂದು ಹದಕ್ಕೆ ಬಂದಿದೆ. ಆದರೆ ಐವಸ್ (ನಾಳದೊಳಗೆ ಕ್ಯಾಥೆಟರ್ ಬಿಟ್ಟು ತೆಗೆಯೋ ಅಲ್ಟ್ರಾಸೌಂಡ್ ಚಿತ್ರ) ಪರದೆ ಮುಂದೆ ನಿಂತಾಗ ಆ ಬೂದು ಬಣ್ಣದೊಳಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಒಂದು ಕೇಸ್ ಮುಂದಿಟ್ಟು ಕೇಳ್ತಿದ್ದೇನೆ, ರೋಗಿಯ ಗುರುತು ಸಿಗುವಂಥದ್ದು ಏನೂ ಹಾಕಿಲ್ಲ.

ಎಲ್‌ಎಡಿಯ (ಹೃದಯದ ಮುಂಭಾಗಕ್ಕೆ ರಕ್ತ ಕೊಡೋ ನಾಳ) ಮೇಲ್ಭಾಗದಲ್ಲಿ ಉದ್ದಕ್ಕೆ ಮಸುಕಾಗಿ ಕಾಣೋ ಒಂದು ಲೀಶನ್ (ಕಾಯಿಲೆ ಹಿಡಿದ ಜಾಗ). ಆಂಜಿಯೋದಲ್ಲಿ ಕಣ್ಣಳತೆಗೆ ಶೇ. 40 ಅಂದ್ರು. ರೋಗಿಗೆ ನಡೆದರೆ ಎದೆ ಹಿಡಿದ ಹಾಗಾಗುತ್ತೆ. 40 ಮೆಗಾಹರ್ಟ್ಸ್‌ನ ತಿರುಗುವ ಕ್ಯಾಥೆಟರ್ ಹಾಕಿ ಸೆಕೆಂಡಿಗೆ 0.5 ಮಿ.ಮೀ. ವೇಗದಲ್ಲಿ ಪುಲ್‌ಬ್ಯಾಕ್ (ಚಿತ್ರ ತೆಗೀತಾ ಹಿಂದಕ್ಕೆ ಎಳೆಯೋದು) ಮಾಡಿದ್ವಿ. ಅತಿ ಕಿರಿದಾದ ಜಾಗದಲ್ಲಿ ಲ್ಯೂಮೆನ್ (ರಕ್ತ ಹರಿಯೋ ದಾರಿ) 3.4 ಚದರ ಮಿ.ಮೀ., ಇಇಎಂ (ನಾಳದ ಹೊರಗಡಿ) 13.6 ಚದರ ಮಿ.ಮೀ., ಪ್ಲಾಕ್ ಬರ್ಡನ್ (ಆ ಗಡಿಯೊಳಗೆ ಪ್ಲಾಕ್, ಅಂದ್ರೆ ಗೋಡೆಯಲ್ಲಿ ಸೇರಿದ ಜಿಡ್ಡು, ಹಿಡಿದಿರೋ ಪಾಲು) ಶೇ. 75.

ನನ್ನ ಗೊಂದಲ ಇಷ್ಟು. ಶೇ. 40 ನಿಜವೋ, 75 ನಿಜವೋ? ಲ್ಯೂಮೆನ್ 4ಕ್ಕಿಂತ ಕಡಿಮೆ ಇದೆ ಅಂದಮೇಲೆ ಸ್ಟೆಂಟ್ ಹಾಕಲೇಬೇಕಾ? ಇನ್ನೊಂದು: ಆ ಜಾಗದಲ್ಲಿ ಗಡಿಯಾರದ ಎರಡು ಗಂಟೆ ದಿಕ್ಕಿನಲ್ಲಿ ಬೆಳ್ಳಗಿನ ತೇಪೆ, ಅದರ ಹಿಂದೆ ಪೂರ್ತಿ ಕಪ್ಪು. ಮೂರ್ನಾಲ್ಕು ಮಿ.ಮೀ. ಮೇಲಕ್ಕೆ ಬಂದರೆ ಬಿಳಿ ಏನೂ ಇಲ್ಲ, ಆದರೂ ಹಿಂದೆ ಕಪ್ಪಾಗ್ತಾ ಹೋಗುತ್ತೆ. ಎರಡೂ ಕ್ಯಾಲ್ಶಿಯಂ ಅಂತಲೇ ಬರೆಯೋದಾ?

ಲ್ಯಾಬ್‌ಟೆಕ್

ಡಾಕ್ಟ್ರೇ, ಉಳಿದದ್ದು ದೊಡ್ಡವರು ಹೇಳ್ತಾರೆ. ಮೊದಲು ರನ್ (ಒಂದು ಪುಲ್‌ಬ್ಯಾಕ್‌ನ ಚಿತ್ರಸರಣಿ) ಚೆನ್ನಾಗಿ ಬಂದಿದೆಯಾ ಅಂತ ನೋಡಿ. ಕ್ಯಾಥೆಟರ್ ಒಳಗೆ ಬಿಡೋ ಮುಂಚೆ ಸಲೈನ್ ಫ್ಲಶ್ ಮಾಡಿ ಗಾಳಿಗುಳ್ಳೆ ತೆಗೆದಿದ್ರಾ? ತಿರುಗೋ ಕ್ಯಾಥೆಟರ್‌ನಲ್ಲಿ ಒಂದು ಗುಳ್ಳೆ ಉಳಿದರೂ ಚಿತ್ರ ಮಂಕಾಗುತ್ತೆ, ಆಮೇಲೆ ಅದನ್ನೇ ಸಾಫ್ಟ್ ಪ್ಲಾಕ್ ಅಂತ ಓದಿಬಿಡ್ತಾರೆ. ನೈಟ್ರೋಗ್ಲಿಸರಿನ್ (ನಾಳ ಹಿಗ್ಗಿಸೋ ಔಷಧಿ) ಕೊಟ್ಟ ಮೇಲೆ ರನ್ ಮಾಡಿದ್ದಾ? ಕೊಡದೆ ಮಾಡಿದ್ರೆ ಅಳತೆ ಎಲ್ಲ ಚಿಕ್ಕದಾಗಿ ಬರಬಹುದು.

ಎರಡನೇವರ್ಷ

ಫ್ಲಶ್ ಮಾಡಿದ್ವಿ, ನೈಟ್ರೋ ಕೊಟ್ಟಿದ್ವಿ. ಆದರೆ ಒಂದು ಕಡೆ ಚಿತ್ರ ಹಿಗ್ಗಿ, ಇನ್ನೊಂದು ಕಡೆ ಕುಗ್ಗಿ, ಬಳಿದ ಹಾಗೆ ಕಾಣೋ ಕೆಲವು ಫ್ರೇಮ್ ಇವೆ.

ಲ್ಯಾಬ್‌ಟೆಕ್

ಅದು ನರ್ಡ್. ಒಳಗಿನ ತಂತಿ ಒಂದೇ ವೇಗದಲ್ಲಿ ತಿರುಗದೆ ಎಲ್ಲೋ ಸಿಕ್ಕಿಕೊಳ್ತಿದೆ. ಗೈಡಿಂಗ್ ಕ್ಯಾಥೆಟರ್ (ಇದನ್ನು ಒಳಗೆ ಕಳಿಸೋ ಹೊರ ಕೊಳವೆ) ತುಂಬಾ ಬಾಗಿದ್ರೆ, ಹೀಮೋಸ್ಟ್ಯಾಟಿಕ್ ವಾಲ್ವ್ (ರಕ್ತ ಸೋರದಂತೆ ಹಿಡಿಯೋ ವಾಲ್ವ್) ಬಿಗಿಯಾಗಿದ್ರೆ ಹೀಗೇ ಆಗೋದು. ವಾಲ್ವ್ ಸ್ವಲ್ಪ ಸಡಿಲಿಸಿ. ಆ ಫ್ರೇಮ್‌ಗಳಲ್ಲಿ ಅಳತೆ ಮಾಡಲೇಬೇಡಿ. 20 ಮೆಗಾಹರ್ಟ್ಸ್‌ನ ಸಾಲಿಡ್ ಸ್ಟೇಟ್ ಕ್ಯಾಥೆಟರ್‌ನಲ್ಲಿ ತಿರುಗೋ ಭಾಗವೇ ಇಲ್ಲದ್ದರಿಂದ ಈ ತೊಂದರೆ ಇಲ್ಲ, ಚಿತ್ರದ ಸೂಕ್ಷ್ಮತೆ ಮಾತ್ರ ಕಡಿಮೆ.

ಧಮನಿ

ಎರಡನೇವರ್ಷ ಅವರೇ, ಸಂಖ್ಯೆಗಳನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಓದಲು ಕಲಿಯುವವರು ಅಳತೆಯಿಂದ ಶುರು ಮಾಡಿದರೆ ಯಂತ್ರ ಎಳೆದ ಗೆರೆಯನ್ನೇ ನಂಬುವ ಅಭ್ಯಾಸವಾಗುತ್ತದೆ. ಗೆರೆ ಸರಿಯಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ನೀರಪಾಲು.

ನಡುವಿನ ಕಪ್ಪು ದುಂಡು ಕ್ಯಾಥೆಟರ್. ಅದರ ಸುತ್ತ ಅಂಟಿಕೊಂಡಂತಿರುವ ಹೊಳಪಿನ ಬಳೆ ರಿಂಗ್‌ಡೌನ್, ಅದೂ ನಾಳದ್ದಲ್ಲ. ಹೆಚ್ಚಿನವರು ಇಲ್ಲಿಂದ ಹೊರಗೆ ಹೊರಡುತ್ತಾರೆ. ನೀವು ಹೊರಗಿನಿಂದ ಒಳಗೆ ಬನ್ನಿ. ಅಂಚಿನಲ್ಲಿ ಬೆಳ್ಳಗೆ ಹೊಳೆಯುವುದು ಅಡ್ವೆಂಟಿಷಿಯಾ, ಕೊಲಾಜೆನ್ ಹೆಚ್ಚಿರುವುದರಿಂದ ಧ್ವನಿಯನ್ನು ಜೋರಾಗಿ ಹಿಂದಿರುಗಿಸುತ್ತದೆ. ಅದರ ಒಳಮಗ್ಗುಲಲ್ಲಿ ತೆಳುವಾದ ಕಪ್ಪು ಉಂಗುರವೊಂದಿದೆ. ಅದು ಮೀಡಿಯಾ, ಬಹುಪಾಲು ನಯಸ್ನಾಯು. ಈ ಬಿಳಿ ಮತ್ತು ಕಪ್ಪು ಸೇರುವ ಗೆರೆಯೇ ಇಇಎಂ. ಇದನ್ನು ಸುತ್ತಲೂ ಹಿಡಿದಿರೆಂದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ನಾಳದ ಒಳಗಿನದು ಯಾವುದು, ಹೊರಗಿನದು ಯಾವುದು ಎಂಬ ಪ್ರಶ್ನೆಗೆಲ್ಲ ಈ ಉಂಗುರವೇ ಉತ್ತರ ಕೊಡುತ್ತದೆ.

ಆಮೇಲೆ ಲ್ಯೂಮೆನ್ ಅಂಚು. 40 ಮೆಗಾಹರ್ಟ್ಸ್‌ನಲ್ಲಿ ರಕ್ತವೂ ಬೂದಾಗಿ ಕಾಣುತ್ತದೆ, ಹರಿವು ನಿಧಾನವಾದಷ್ಟೂ ಇನ್ನೂ ದಟ್ಟ. ನಿಲ್ಲಿಸಿದ ಫ್ರೇಮಿನಲ್ಲಿ ರಕ್ತವನ್ನೂ ಸಾಫ್ಟ್ ಪ್ಲಾಕನ್ನೂ ಬೇರೆ ಮಾಡುವುದು ಕಷ್ಟ. ಹಿಂದಕ್ಕೂ ಮುಂದಕ್ಕೂ ಓಡಿಸಿ. ರಕ್ತದ ಚುಕ್ಕೆಗಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಾ ಸುಳಿಯುತ್ತವೆ, ಗೋಡೆಯ ಚುಕ್ಕೆಗಳು ಇದ್ದಲ್ಲೇ ಇರುತ್ತವೆ. ಆಗಲೂ ಅನುಮಾನವಿದ್ದರೆ ಗೈಡಿಂಗ್ ಮೂಲಕ ಸಲೈನ್ ಬಿಟ್ಟು ನೋಡಿ, ಒಂದೆರಡು ಬಡಿತದ ಮಟ್ಟಿಗೆ ಲ್ಯೂಮೆನ್ ಕಪ್ಪಾಗುತ್ತದೆ, ಅಂಚು ಎದ್ದು ಕಾಣುತ್ತದೆ. ತಿರುಗುವ ಕ್ಯಾಥೆಟರ್ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ. ನಿಮ್ಮ ವೇಗದಲ್ಲಿ ಪ್ರತಿ ಮಿ.ಮೀ.ಗೆ 60 ಫ್ರೇಮ್ ಸಿಕ್ಕಿವೆ. ಅಷ್ಟಿರುವಾಗ ಒಂದೇ ಫ್ರೇಮಿಗೆ ಜೋತುಬೀಳುವ ಅಗತ್ಯವಿಲ್ಲ.

ಇನ್ನು ನಿಮ್ಮ ಎರಡು ಕಪ್ಪುಗಳು. ಅಡ್ವೆಂಟಿಷಿಯಾವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಅದಕ್ಕಿಂತ ಮಂಕಾಗಿದ್ದರೆ ಸಾಫ್ಟ್ ಎನ್ನುತ್ತೇವೆ. ಅದರಷ್ಟೇ ಹೊಳಪಿದ್ದರೆ ಫೈಬ್ರಸ್ (ನಾರಿನಂಥದ್ದು). ಅದಕ್ಕಿಂತ ಬೆಳ್ಳಗಿದ್ದು ಹಿಂದೆ ನೆರಳು ಬಿದ್ದಿದ್ದರೆ ಕ್ಯಾಲ್ಶಿಯಂ. ನಿಮ್ಮ ಎರಡು ಗಂಟೆಯ ತೇಪೆ ಕ್ಯಾಲ್ಶಿಯಂ ಸರಿ. ಮೇಲಿನದು ಬಿಳಿಯಿಲ್ಲದೆ ಧ್ವನಿ ಕುಗ್ಗುತ್ತಾ ಹೋಗುವುದರಿಂದ ಅಟೆನ್ಯುಯೇಟೆಡ್ ಪ್ಲಾಕ್. ಇದನ್ನು ಕ್ಯಾಲ್ಶಿಯಂ ಎಂದು ಬರೆದರೆ ದೊಡ್ಡ ಎಚ್ಚರಿಕೆಯೊಂದನ್ನು ಕೈಬಿಟ್ಟಂತೆ. ಅಂಥ ಕಡೆ ಸಾಮಾನ್ಯವಾಗಿ ನೆಕ್ರೋಟಿಕ್ ಕೋರ್ (ಸತ್ತ ಕೋಶ ಮತ್ತು ಕೊಬ್ಬಿನ ತಿರುಳು) ಇರುತ್ತದೆ, ಬಲೂನ್ ಅಥವಾ ಸ್ಟೆಂಟ್ ಹಿಗ್ಗಿಸಿದಾಗ ಚೂರುಗಳು ಕೆಳಗೆ ಹೋಗಿ ನೋ-ರಿಫ್ಲೋ (ನಾಳ ತೆರೆದರೂ ರಕ್ತ ಮುಂದೆ ಹರಿಯದಿರುವುದು) ಆಗುವ ಸಂಭವ ಹೆಚ್ಚು. ಅದರ ಉದ್ದ ಎಷ್ಟು, ಎಷ್ಟು ಡಿಗ್ರಿ ಎಂದು ಹೇಳಿ.

ಎರಡನೇವರ್ಷ

ಧಮನಿ ಸರ್, ಹೊರಗಿನಿಂದ ಒಳಗೆ ಅಂತ ನೋಡಿದಾಗ ಗೆರೆ ಸಿಗ್ತಿದೆ. ಕ್ಯಾಲ್ಶಿಯಂ ಸುಮಾರು 70 ಡಿಗ್ರಿ. ಅಟೆನ್ಯುಯೇಟೆಡ್ ಭಾಗ 90 ಡಿಗ್ರಿ ಒಳಗೇ ಇದೆ, ಉದ್ದ 2 ಮಿ.ಮೀ. ಕ್ಯಾಲ್ಶಿಯಂ ಹಿಂದೆ ಉಂಗುರ ಕಾಣಲ್ಲ, ಅಲ್ಲಿ ಗೆರೆ ಹೇಗೆ ಎಳೀಲಿ?

ಧಮನಿ

70 ಡಿಗ್ರಿಯಾದರೆ ಎರಡು ಬದಿ ಕಾಣುವ ಗೆರೆಯನ್ನು ಅದೇ ಬಾಗಿನಲ್ಲಿ ಮುಂದುವರಿಸಿ ಸೇರಿಸಬಹುದು. ನೆರಳು 90 ಡಿಗ್ರಿ ದಾಟಿದರೆ ಇಇಎಂ ಅಳತೆಯನ್ನೇ ಕೊಡಬೇಡಿ, ಕಾಣದ್ದಕ್ಕೆ ಸಂಖ್ಯೆ ಕೊಟ್ಟಂತಾಗುತ್ತದೆ. 2001ರ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿಯ ತಜ್ಞರ ದಾಖಲೆಯಲ್ಲೂ ಇದೇ ಮಿತಿ. ಸೈಡ್ ಬ್ರಾಂಚ್ ಹೊರಡುವಲ್ಲೂ ಉಂಗುರ ತುಂಡಾಗುತ್ತದೆ, ಆ ಫ್ರೇಮನ್ನು ರೆಫರೆನ್ಸ್‌ಗೆ (ಹೋಲಿಸಿ ನೋಡಲು ಹಿಡಿಯುವ, ಪ್ಲಾಕ್ ಕಡಿಮೆ ಇರುವ ಅಕ್ಕಪಕ್ಕದ ಜಾಗ) ಆರಿಸಬೇಡಿ.

ಎಕೋಪ್ರಿಯೆ

40, 75ರ ಪ್ರಶ್ನೆಗೆ ನಾನು ಬರ್ತೀನಿ. ಮೇಲೆ ಕೆಳಗೆ ರೆಫರೆನ್ಸ್ ಅಳತೆ ಎಷ್ಟು ಬಂತು?

ಎರಡನೇವರ್ಷ

ಮೇಡಂ, ಕೆಳಗಿನ ರೆಫರೆನ್ಸ್: ಲ್ಯೂಮೆನ್ ವ್ಯಾಸ 2.8 ಮಿ.ಮೀ., ವಿಸ್ತೀರ್ಣ 6.2. ಇಇಎಂ ವ್ಯಾಸ 3.4, ವಿಸ್ತೀರ್ಣ 9.1.
ಮೇಲಿನದು: ಲ್ಯೂಮೆನ್ 3.3 ಮಿ.ಮೀ., 8.6. ಇಇಎಂ 4.1 ಮಿ.ಮೀ., 13.2.

ಎಕೋಪ್ರಿಯೆ

ಚೆನ್ನಾಗಿದೆ, ಎರಡು ಕಡೆಯೂ ಪ್ಲಾಕ್ ಬರ್ಡನ್ ಶೇ. 35ರ ಒಳಗೇ ಬರುತ್ತೆ, ರೆಫರೆನ್ಸ್ ಅನ್ನಬಹುದು. ಈಗ ಕೂತು ಕೈಯಲ್ಲೇ ಲೆಕ್ಕ ಹಾಕೋಣ, ಯಂತ್ರ ಬೇಡ.

ಲ್ಯೂಮೆನ್ 3.4 ಚದರ ಮಿ.ಮೀ. ಅಂದ್ರೆ ವ್ಯಾಸ ಹತ್ತಿರಹತ್ತಿರ 2.1. ಎರಡು ರೆಫರೆನ್ಸ್ ವ್ಯಾಸಗಳ ಸರಾಸರಿ 3.05. ವ್ಯಾಸದ ಲೆಕ್ಕದಲ್ಲಿ ಕಿರಿದಾಗಿರೋದು ಸುಮಾರು ಶೇ. 32.

ಅದೇ ಲ್ಯೂಮೆನ್‌ಗೆ ವಿಸ್ತೀರ್ಣದ ಲೆಕ್ಕ: ರೆಫರೆನ್ಸ್ ಸರಾಸರಿ 7.4, ಇಲ್ಲಿ 3.4. ಕಿರಿದಾಗಿರೋದು ಶೇ. 54.

ಪ್ಲಾಕ್ ಬರ್ಡನ್: 13.6ರಲ್ಲಿ 3.4 ಕಳೆದರೆ 10.2. ಅದನ್ನು 13.6ರಿಂದ ಭಾಗಿಸಿದರೆ ಶೇ. 75.

32, 54, 75. ಒಂದೇ ನಾಳ, ಒಂದೇ ಜಾಗ, ಮೂರೂ ಸರಿ. ಮೊದಲಿನ ಎರಡೂ ಕೇಳೋದು ಅಕ್ಕಪಕ್ಕದ ದಾರಿಗಿಂತ ಇಲ್ಲಿ ದಾರಿ ಎಷ್ಟು ಕಿರಿದಾಗಿದೆ ಅಂತ. ಮೂರನೆಯದು ಅಕ್ಕಪಕ್ಕ ನೋಡೋದೇ ಇಲ್ಲ, ಇದೇ ಜಾಗದ ನಾಳದೊಳಗೆ ಪ್ಲಾಕ್ ಎಷ್ಟು ಪಾಲು ಹಿಡಿದಿದೆ ಅಂತ ಮಾತ್ರ ಕೇಳುತ್ತೆ. ಆಂಜಿಯೋ ತೋರಿಸೋದು ಬಣ್ಣ ತುಂಬಿದ ದಾರಿಯ ನೆರಳನ್ನು. ಕಣ್ಣಳತೆಯ 40 ಹೋಲಿಸಬೇಕಾದ್ದು 32ರ ಜೊತೆ. 75ರ ಜೊತೆ ಹೋಲಿಸೋದೇ ತಪ್ಪು. "ಐವಸ್‌ನಲ್ಲಿ ಶೇ. 75 ಬ್ಲಾಕ್" ಅಂತ ರೋಗಿಯ ಮನೆಯವರಿಗೆ ಹೇಳೋದು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಅವರು ಅದನ್ನು ಮುಕ್ಕಾಲು ದಾರಿ ಮುಚ್ಚಿದೆ ಅಂತಲೇ ತಿಳ್ಕೊಳ್ತಾರೆ, ಹೆದರಿ ಒಪ್ಪಿಗೆ ಕೊಡ್ತಾರೆ.

ಇಷ್ಟು ಪ್ಲಾಕ್ ಇದ್ದೂ ದಾರಿ ಹೇಗೆ ಉಳಿದಿದೆ? ಇಇಎಂ ನೋಡಿ. ರೆಫರೆನ್ಸ್ ಸರಾಸರಿ 11.15, ಇಲ್ಲಿ 13.6. ಇವೆರಡರ ಅನುಪಾತ, ಅಂದ್ರೆ ರಿಮಾಡೆಲಿಂಗ್ ಇಂಡೆಕ್ಸ್, 1.22. ನಾಳ ಹೊರಕ್ಕೆ ಹಿಗ್ಗಿ ಪ್ಲಾಕ್‌ಗೆ ಜಾಗ ಮಾಡಿಕೊಟ್ಟಿದೆ. 1.05 ದಾಟಿದರೆ ಪಾಸಿಟಿವ್ ರಿಮಾಡೆಲಿಂಗ್ ಅನ್ನೋದು ರೂಢಿ. 1987ರಲ್ಲಿ ಗ್ಲಾಗೋವ್ ಮತ್ತವರ ತಂಡ ಶವಪರೀಕ್ಷೆಯ ಹೃದಯಗಳಲ್ಲಿ ತೋರಿಸಿದ್ದು ಇದನ್ನೇ: ಪ್ಲಾಕ್ ಸುಮಾರು ಶೇ. 40 ಪಾಲು ಹಿಡಿಯೋವರೆಗೆ ನಾಳ ಹಿಗ್ಗಿ ಲ್ಯೂಮೆನ್ ಉಳಿಸಿಕೊಳ್ಳುತ್ತೆ.

ಸಣ್ಣ ಮಾತೊಂದು. ಆ 10.2ರಲ್ಲಿ ಮೀಡಿಯಾನೂ ಸೇರಿದೆ. ಮೀಡಿಯಾದ ಒಳ ಅಂಚು ಐವಸ್‌ನಲ್ಲಿ ನಂಬಿಕೆಯಿಂದ ಹಿಡಿಯೋಕೆ ಸಿಗಲ್ಲ, ಹಾಗಾಗಿ ರಿಪೋರ್ಟಿನಲ್ಲಿ ಪ್ಲಾಕ್ ಮತ್ತು ಮೀಡಿಯಾ ಅಂತ ಬರೆಯೋದು ಸರಿ.

ಬಲೂನ್‌ಪಟು

ಪ್ಲಾಕ್ ಬರ್ಡನ್ 70ರ ಮೇಲೆ, ಲ್ಯೂಮೆನ್ 4ರ ಕೆಳಗೆ, ಮೇಲೆ ಅಟೆನ್ಯುಯೇಟೆಡ್ ಪ್ಲಾಕ್ ಬೇರೆ. ಜಾಗ ಎಲ್‌ಎಡಿ ಮೇಲ್ಭಾಗ, ರೋಗಿಗೆ ನೋವಿದೆ. ಇನ್ನೇನು ಬೇಕು? ಸ್ಟೆಂಟ್ ಹಾಕಿ.

ಎಕೋಪ್ರಿಯೆ

ನಾನು ಒಪ್ಪಲ್ಲ ಸರ್. 4 ಚದರ ಮಿ.ಮೀ. ಅನ್ನೋದು ಒಂದೇ ದಿಕ್ಕಿಗೆ ಕೆಲಸ ಮಾಡೋ ಗೆರೆ. ಅದಕ್ಕಿಂತ ಹೆಚ್ಚಿದ್ರೆ ಆ ಲೀಶನ್‌ನಿಂದ ಇಸ್ಕೀಮಿಯಾ (ಸ್ನಾಯುವಿಗೆ ರಕ್ತ ಸಾಲದಿರೋದು) ಆಗೋ ಸಂಭವ ಕಡಿಮೆ ಅಂತ ಬಿಡಬಹುದು. ಕಡಿಮೆ ಇದ್ದ ಮಾತ್ರಕ್ಕೆ ಇಸ್ಕೀಮಿಯಾ ಇದೆ ಅಂತ ಆಗಲ್ಲ. ಚಿಕ್ಕ ನಾಳಕ್ಕೂ ದೊಡ್ಡ ನಾಳಕ್ಕೂ, ಸ್ವಲ್ಪ ಸ್ನಾಯುವಿಗೆ ರಕ್ತ ಕೊಡೋದಕ್ಕೂ ಇಡೀ ಮುಂಭಾಗಕ್ಕೆ ಕೊಡೋದಕ್ಕೂ ಒಂದೇ ಸಂಖ್ಯೆ ಹೇಗೆ ಹೊಂದುತ್ತೆ? ಲೆಫ್ಟ್ ಮೇನ್‌ಗೆ (ಎಲ್‌ಎಡಿ ಹೊರಡೋ ಎಡಗಡೆಯ ಮುಖ್ಯ ನಾಳ) 6 ಅಂತಾರೆ, ಕೊರಿಯಾದ ಅಧ್ಯಯನದಲ್ಲಿ 4.5 ಬಂತು. ನೀವು ಹೇಳೋ 70 ಮತ್ತು 4 ಬಂದಿರೋದು 2011ರ ಪ್ರಾಸ್ಪೆಕ್ಟ್ ಅಧ್ಯಯನದಿಂದ. ಅದು ಕೇಳಿದ್ದು ಮುಂದೆ ತೊಂದರೆ ಕೊಡೋ ಪ್ಲಾಕ್ ಯಾವುದು ಅಂತ. ಈಗ ರಕ್ತ ಸಾಲುತ್ತಿದೆಯಾ ಅನ್ನೋದು ಅದರ ಪ್ರಶ್ನೆ ಆಗಿರಲಿಲ್ಲ. ಅಲ್ಲೂ ಆ ಎರಡು ಲಕ್ಷಣದ ಜೊತೆ ತೆಳು ಪದರದ ಪ್ಲಾಕೂ ಸೇರಿದ ಲೀಶನ್‌ಗಳಲ್ಲಿ ಮೂರು ವರ್ಷದೊಳಗೆ ತೊಂದರೆ ಆಗಿದ್ದು ಸುಮಾರು ಶೇ. 18ರಲ್ಲಿ ಮಾತ್ರ.

ಪ್ರೆಶರ್ ವೈರ್ ಹಾಕಿ ಎಫ್‌ಎಫ್‌ಆರ್ (ಕಿರಿದಾದ ಜಾಗ ದಾಟಿದ ಮೇಲೆ ಒತ್ತಡ ಎಷ್ಟು ಪಾಲು ಉಳಿದಿದೆ ಅನ್ನೋ ಲೆಕ್ಕ) ನೋಡಿ. ಸ್ಟೆಂಟ್ ಬೇಕಾ ಅನ್ನೋದಕ್ಕೆ ಅದು ಉತ್ತರ. ಎಷ್ಟು ದೊಡ್ಡದು, ಎಲ್ಲಿಂದ ಎಲ್ಲಿಗೆ ಅನ್ನೋದಕ್ಕೆ ಐವಸ್.

ಬಲೂನ್‌ಪಟು

ನಡೆದರೆ ನೋವು ಬರುತ್ತಿರುವ ರೋಗಿಯಲ್ಲಿ ಈ ಚಿತ್ರ ನೋಡಿ ನಾನು ಕಾಯುವುದಿಲ್ಲ. ಆದರೂ ವೈರ್ ಕೈಯಲ್ಲಿದ್ದರೆ ಹಾಕಿ ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ.

ಎರಡನೇವರ್ಷ

ವೈರ್ ಹಾಕಿದ್ವಿ. ಎಫ್‌ಎಫ್‌ಆರ್ 0.77, ಅಂದ್ರೆ ರಕ್ತ ಸಾಲ್ತಿಲ್ಲ. ನಿಧಾನವಾಗಿ ಹಿಂದಕ್ಕೆ ಎಳೆದಾಗ ಒತ್ತಡ ಏರಿದ್ದು ಹೆಚ್ಚುಕಡಿಮೆ ಪೂರ್ತಿ ಆ ಲೀಶನ್‌ನಲ್ಲೇ. ಸ್ಟೆಂಟ್ ಹಾಕೋದು ಅಂತ ತೀರ್ಮಾನ ಆಯ್ತು. ಸೈಜ್ ಯಾವ ಲೆಕ್ಕದಲ್ಲಿ ಆರಿಸೋದು, ಲ್ಯೂಮೆನ್ ನೋಡಿಯಾ, ಇಇಎಂ ನೋಡಿಯಾ?

ಬಲೂನ್‌ಪಟು

ಇದು ನನ್ನ ಇಷ್ಟದ ವಿಷಯ. ಕೆಳಗಿನ ರೆಫರೆನ್ಸಿನ ಲ್ಯೂಮೆನ್ ನೋಡಿದರೆ 2.8, ಇಇಎಂ ನೋಡಿದರೆ 3.4. ಲ್ಯೂಮೆನ್ ಹಿಡಿದು 2.75 ಹಾಕುವುದು ಅತಿ ಸುರಕ್ಷಿತ, ಆದರೆ ಅಂಥ ಕಡೆಯೇ ಸ್ಟೆಂಟ್ ಚಿಕ್ಕದಾಗಿ ಉಳಿಯುವುದು. ಇಇಎಂ ಹಿಡಿದು 3.5 ಹಾಕಿದರೆ ಕೆಳ ಅಂಚು ಹರಿಯಬಹುದು. ಇಇಎಂ ವ್ಯಾಸದಿಂದ ಒಂದು ಅಳತೆ ಇಳಿಸಿ, ಅಂದರೆ 3.0. ಮೇಲಿನ ಭಾಗ 3.3 ಲ್ಯೂಮೆನ್, 4.1 ಇಇಎಂ ಇದೆ. ಅಲ್ಲಿಗೆ 3.5ರ ನಾನ್ ಕಂಪ್ಲಯಂಟ್ (ಅಳತೆ ಮೀರಿ ಹಿಗ್ಗದ) ಬಲೂನ್ ಹಾಕಿ ಹಿಗ್ಗಿಸಿ, ಕೆಳ ಅಂಚಿಗೆ ತಾಗದಂತೆ. ಎರಡೂ ತುದಿ ಪ್ಲಾಕ್ ಬರ್ಡನ್ ಶೇ. 50ಕ್ಕಿಂತ ಕಡಿಮೆ ಇರುವಲ್ಲೇ ಇಳಿಯಬೇಕು. ಆ ಅಟೆನ್ಯುಯೇಟೆಡ್ ಪ್ಲಾಕ್ ಸ್ಟೆಂಟಿನ ಒಳಗೆ ಬರಲಿ. ಅಂಚು ಅದರ ಮೇಲೆ ಕೂರಬಾರದು.

ಕ್ಯಾಲ್ಶಿಯಂಗೆ ರೋಟಾ, ಲಿಥೋಟ್ರಿಪ್ಸಿ (ಅದನ್ನು ಕೊರೆಯುವ, ಒಡೆಯುವ ವಿಧಾನಗಳು) ಅಂತ ಹೋಗಬೇಡಿ. ಐವಸ್ ಕ್ಯಾಲ್ಶಿಯಂ ಸ್ಕೋರ್‌ನ ನಾಲ್ಕು ಅಂಶಗಳು: ಮೇಲ್ಪದರದ ಕ್ಯಾಲ್ಶಿಯಂ 270 ಡಿಗ್ರಿ ದಾಟಿ 5 ಮಿ.ಮೀ.ಗಿಂತ ಉದ್ದ ಇರುವುದು, 360 ಡಿಗ್ರಿ ಸುತ್ತಿರುವುದು, ಕ್ಯಾಲ್ಸಿಫೈಡ್ ನಾಡ್ಯೂಲ್ (ಕ್ಯಾಲ್ಶಿಯಂ ಗಂಟು), ನಾಳದ ವ್ಯಾಸ 3.5 ಮಿ.ಮೀ.ಗಿಂತ ಕಡಿಮೆ. ಎರಡು ಅಂಕ ಬಂದರೆ ಯೋಚಿಸಬೇಕು. ನಿಮ್ಮದು ಸೊನ್ನೆ. ಕ್ಯಾಲ್ಶಿಯಂ ದಪ್ಪ ಮಾತ್ರ ಐವಸ್ ಹೇಳುವುದಿಲ್ಲ, ಧ್ವನಿ ಅದನ್ನು ದಾಟಿ ಹೋಗುವುದೇ ಇಲ್ಲ. ಅದು ಬೇಕೆಂದರೆ ಓಸಿಟಿ (ಬೆಳಕಿನಿಂದ ತೆಗೆಯುವ ನಾಳದೊಳಗಿನ ಚಿತ್ರ).

ಎರಡನೇವರ್ಷ

ಬಲೂನ್‌ಪಟು ಸರ್ ಹೇಳಿದ ಹಾಗೇ ಮಾಡಿದ್ವಿ. 3.0 ಸ್ಟೆಂಟ್, ಮೇಲೆ 3.5 ಬಲೂನ್. ನೋ-ರಿಫ್ಲೋ ಆಗಲಿಲ್ಲ. ಸ್ಟೆಂಟ್ ಒಳಗಿನ ಅತಿ ಕಡಿಮೆ ವಿಸ್ತೀರ್ಣ 6.0 ಚದರ ಮಿ.ಮೀ.

ಆದರೆ ಈಗ ಆಂಜಿಯೋದಲ್ಲಿ ಸ್ಟೆಂಟ್ ಕೆಳಗೆ, ಅಂಚಿನಿಂದ ಸ್ವಲ್ಪ ಬಿಟ್ಟು, ನಾಳ ಸಣ್ಣಗಾದ ಹಾಗೆ ಕಾಣ್ತಿದೆ. ಸ್ಪಾಸಂ (ನಾಳ ತಾನಾಗೇ ಬಿಗಿದುಕೊಳ್ಳೋದು) ಇರಬಹುದು ಅಂತ ನೈಟ್ರೋ ಕೊಟ್ವಿ. ಹೋಗೋ ಬದಲು ಇನ್ನೂ ಎದ್ದು ಕಾಣ್ತಿದೆ. ಐವಸ್‌ನಲ್ಲಿ ಅಲ್ಲಿ ನಾಳದ ಒಂದು ಮಗ್ಗುಲಿಗೆ ಅರ್ಧಚಂದ್ರದ ಆಕಾರ ಇದೆ. ಅಂಚಿನಲ್ಲಿ ಹರಿದು ಹೆಮಟೋಮಾ ಆಗಿದ್ದರೆ ಇನ್ನೊಂದು ಸ್ಟೆಂಟ್ ಬೇಕಾಗುತ್ತೆ ಅಂತ ಎಲ್ಲರೂ ಯೋಚನೆಯಲ್ಲಿದ್ದಾರೆ. ದಯವಿಟ್ಟು ಬೇಗ ಹೇಳಿ.

ಧಮನಿ

ಇನ್ನೊಂದು ಸ್ಟೆಂಟ್ ಕೈಗೆತ್ತಿಕೊಳ್ಳುವ ಮುಂಚೆ ಮೂರು ಸಂಗತಿ ನೋಡಿ ಹೇಳಿ.

ಅರ್ಧಚಂದ್ರ ಬೆಳ್ಳಗಿದೆಯೋ ಕಪ್ಪಗಿದೆಯೋ? ಕಪ್ಪು ಉಂಗುರದ ಒಳಗಿದೆಯೋ ಹೊರಗಿದೆಯೋ? ಹೃದಯ ಬಡಿದಂತೆ ನಾಳ ಅಲ್ಲಿ ಹಿಂಡುತ್ತಿದೆಯೋ?

ಹೆಮಟೋಮಾ ಆಗಿದ್ದರೆ ರಕ್ತ ಮೀಡಿಯಾದ ಜಾಗದಲ್ಲಿ ತುಂಬಿಕೊಂಡಿರುತ್ತದೆ. ಇಇಎಂಗಿಂತ ಒಳಗೆ, ಒಂದೇ ಸಮನೆ ಹೊಳೆಯುವ ಅರ್ಧಚಂದ್ರ, ಅದರ ಒತ್ತಡಕ್ಕೆ ಒಳಗಿನ ಪದರ ಬಾಗು ಕಳೆದುಕೊಂಡು ನೇರವಾಗಿ ಲ್ಯೂಮೆನ್ ಕಡೆ ತಳ್ಳಿಕೊಂಡಿರುತ್ತದೆ. ಸಾಮಾನ್ಯವಾಗಿ ಸ್ಟೆಂಟ್ ಅಂಚಿನಿಂದಲೇ ಶುರುವಾಗುತ್ತದೆ. ಮಯೋಕಾರ್ಡಿಯಲ್ ಬ್ರಿಡ್ಜ್ (ನಾಳದ ಮೇಲೆ ಹಾದುಹೋಗುವ ಹೃದಯ ಸ್ನಾಯುವಿನ ಪಟ್ಟಿ) ಆಗಿದ್ದರೆ ಅರ್ಧಚಂದ್ರ ಮಂಕು ಕಪ್ಪು, ನಾಳದ ಹೊರಗೆ, ಸಿಸ್ಟೊಲಿಯಲ್ಲಿ (ಹೃದಯ ಸಂಕುಚಿಸಿದಾಗ) ಲ್ಯೂಮೆನ್ ಹಿಂಡುತ್ತದೆ, ಡಯಾಸ್ಟೊಲಿಯಲ್ಲಿ (ಸಡಿಲಿದಾಗ) ಬಿಡುತ್ತದೆ. ನೈಟ್ರೋ ಕೊಟ್ಟಾಗ ಅಕ್ಕಪಕ್ಕದ ನಾಳ ಹಿಗ್ಗುವುದರಿಂದ ಬ್ರಿಡ್ಜ್ ಇನ್ನಷ್ಟು ಎದ್ದು ಕಾಣುತ್ತದೆ. ನೀವು ಬರೆದಿರುವುದು ಅದರಂತಿದೆ, ಆದರೆ ನೋಡದೆ ಹೇಳಲಾರೆ.

ಎಕೋಪ್ರಿಯೆ

ಸ್ಟೆಂಟ್‌ಗೆ ಮುಂಚಿನ ರನ್ ತೆಗೆಯಿರಿ. ಇದೇ ಜಾಗ ಅದರಲ್ಲೂ ಇರಲೇಬೇಕು. ಯಾವುದಾದರೂ ಒಂದು ಸೆಪ್ಟಲ್ ಬ್ರಾಂಚ್ (ಎಲ್‌ಎಡಿಯಿಂದ ಹೃದಯದ ನಡುಗೋಡೆಗೆ ಹೋಗೋ ಕವಲು) ಗುರುತು ಹಿಡಿದು ಎರಡೂ ರನ್ ಅಕ್ಕಪಕ್ಕ ಇಟ್ಟು ತಾಳೆ ನೋಡಿ. ಮುಂಚೆ ಇಲ್ಲದ್ದು ಈಗ ಬಂದಿದ್ರೆ ಹೆಮಟೋಮಾ ಅಂತಲೇ ಎಣಿಸಿ. ಮುಂಚೆಯೂ ಇದ್ದರೆ ನಾವು ಮಾಡಿದ್ದಲ್ಲ.

ಲ್ಯಾಬ್‌ಟೆಕ್

ಮೊದಲ ರನ್ ಲೀಶನ್ ಕೆಳಗಿಂದ ಶುರು ಮಾಡಿದ್ರಾ ಅನ್ನೋದರ ಮೇಲಿದೆ. ನಾನು ಯಾವಾಗಲೂ 10 ಮಿ.ಮೀ.ಗಿಂತ ಹೆಚ್ಚು ಕೆಳಗಿಂದ ಶುರು ಮಾಡ್ತೀನಿ, ಇಂಥ ಹೊತ್ತಿಗೆ ಬೇಕಾಗುತ್ತೆ.

ಎರಡನೇವರ್ಷ

ನೋಡಿದ್ವಿ. ಮೊದಲ ರನ್‌ನಲ್ಲಿ ಅದೇ ಸೆಪ್ಟಲ್ ಹತ್ತಿರ ಅದೇ ಅರ್ಧಚಂದ್ರ ಇದೆ! ಮಂಕು ಕಪ್ಪು. ಬಿಳಿ ಅಂಚಿನೊಳಗೆ ಉಂಗುರ ಪೂರ್ತಿ ಸುತ್ತ ಸಿಗುತ್ತೆ, ಅರ್ಧಚಂದ್ರ ಅದರ ಹೊರಗಿದೆ. ಫ್ರೇಮ್ ಓಡಿಸಿದರೆ ಬಡಿತಕ್ಕೊಂದು ಸಲ ಲ್ಯೂಮೆನ್ ಚಪ್ಪಟೆಯಾಗಿ ಮತ್ತೆ ದುಂಡಾಗುತ್ತೆ. ಸ್ಟೆಂಟ್ ಅಂಚಿಗೂ ಇದಕ್ಕೂ ನಡುವೆ ಆರೋಗ್ಯವಾದ ಮೂರು ಪದರ ಕಾಣ್ತಿವೆ, ಫ್ಲ್ಯಾಪ್ (ಹರಿದು ಎದ್ದ ಪದರ) ಎಲ್ಲೂ ಇಲ್ಲ.

ಧಮನಿ

ಹಾಗಾದರೆ ಬ್ರಿಡ್ಜ್. ಬ್ರಿಡ್ಜಿಗಿಂತ ಮೇಲಿನ ಭಾಗದಲ್ಲಿ ಪ್ಲಾಕ್ ಸೇರುವುದು, ಬ್ರಿಡ್ಜ್ ಒಳಗೆ ನಾಳ ಶುದ್ಧವಾಗಿರುವುದು ಸಾಮಾನ್ಯ. ನಿಮ್ಮ ರೋಗಿಯಲ್ಲೂ ಹಾಗೇ ಇದೆ. ಅಲ್ಲಿಗೆ ಸ್ಟೆಂಟ್ ಇಳಿಸಬೇಡಿ. ಪ್ರತಿ ಬಡಿತಕ್ಕೂ ಹಿಂಡುವ ಜಾಗದಲ್ಲಿ ಸ್ಟೆಂಟ್ ಮುರಿಯುವ, ಮತ್ತೆ ಕಿರಿದಾಗುವ ಭಯವಿದೆ, ಹಾಕುವಾಗಲೇ ನಾಳ ತೂತಾಗುವ ಸಂಭವವೂ ಇದೆ.

ಬಲೂನ್‌ಪಟು

6.0 ಸಾಕು. ಕೆಳಗಿನ ರೆಫರೆನ್ಸ್ ಲ್ಯೂಮೆನ್ 6.2, ಅದರ ಶೇ. 90 ಅಂದರೆ 5.6, ದಾಟಿದ್ದೀರಿ. ಎರಡು ರೆಫರೆನ್ಸಿನ ಸರಾಸರಿಗೆ ಹೋಲಿಸಿದರೂ ಶೇ. 81. ಸ್ಟ್ರಟ್‌ಗಳ (ಸ್ಟೆಂಟಿನ ತಂತಿಗಳು) ಹಿಂದೆ ರಕ್ತದ ಮಿನುಗು ಇದೆಯಾ ನೋಡಿದಿರಾ?

ಎರಡನೇವರ್ಷ

ಮೇಲಿನ ತುದಿಯಲ್ಲಿ ಒಂದು ಕಡೆ ಇತ್ತು, 3.5 ಬಲೂನ್ ಇನ್ನೊಮ್ಮೆ ಹಿಗ್ಗಿಸಿದ ಮೇಲೆ ಗೋಡೆಗೆ ಕೂತಿದೆ. ಎರಡೂ ತುದಿಯಲ್ಲಿ ಪ್ಲಾಕ್ ಬರ್ಡನ್ 50ರ ಕೆಳಗೆ. ಕೇಸ್ ಮುಗಿಸಿದ್ವಿ. ಎಲ್ಲರಿಗೂ ಧನ್ಯವಾದ, ಒಂದು ಸ್ಟೆಂಟ್ ಉಳೀತು.

ಲ್ಯಾಬ್‌ಟೆಕ್

ರಿಪೋರ್ಟಿನಲ್ಲಿ ಬ್ರಿಡ್ಜ್ ಇದೆ ಅಂತಷ್ಟೇ ಬರೆದು ಬಿಡಬೇಡಿ ಡಾಕ್ಟ್ರೇ. ಸ್ಟೆಂಟ್ ಕೆಳ ಅಂಚಿನಿಂದ ಎಷ್ಟು ಮಿ.ಮೀ. ಕೆಳಗೆ ಶುರುವಾಗುತ್ತೆ, ಎಷ್ಟು ಉದ್ದ ಇದೆ ಅಂತಲೂ ಹಾಕಿ. ಮುಂದೆ ಯಾರಾದರೂ ಆಂಜಿಯೋ ನೋಡಿ ಅಂಚಿನಲ್ಲಿ ಮತ್ತೆ ಕಿರಿದಾಗಿದೆ ಅಂತ ಬಲೂನ್ ತಗೊಳ್ಳೋ ಮುಂಚೆ ಆ ಸಾಲು ಅವರ ಕಣ್ಣಿಗೆ ಬೀಳಬೇಕು.

ಎರಡನೇವರ್ಷ

ಅಳೆದೆ. 6 ಮಿ.ಮೀ. ಕೆಳಗೆ ಶುರು, ಉದ್ದ 14 ಮಿ.ಮೀ. ರಿಪೋರ್ಟಿನ ಮೊದಲ ಸಾಲಿಗೇ ಸೇರಿಸಿದೆ, ಎರಡೂ ರನ್ ಉಳಿಸಿಟ್ಟಿದ್ದೇನೆ.